ಸಿಡಿಗಳನ್ನು ಫ್ಲ್ಯಾಕ್ ಮಾಡಲು ಕೂತ ರಜಾದಿನ

ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲ. ಯುಎಸ್‌ಬಿ ಡ್ರೈವ್ ಒಂದನ್ನು ಸಿಕ್ಕಿಸಿಕೊಂಡು ಕೂತೆ. ನನ್ನ ಹತ್ತಿರ ಇರುವ ಸಿಡಿಗಳನ್ನೆಲ್ಲ ಲಿನಕ್ಸ್‌ಗೆ ಇಳಿಸಬೇಕಿತ್ತು, ಇಟ್ಟುಕೊಳ್ಳಲು ಫ್ಲ್ಯಾಕ್ (ಸದ್ದಿನಲ್ಲಿ ಏನನ್ನೂ ಬಿಡದೆ ಕುಗ್ಗಿಸುವ ಫೈಲ್ ಬಗೆ), ಫೋನಿಗೆ ಓಪಸ್ (ಒಂದಿಷ್ಟು ಬಿಟ್ಟು ಇನ್ನೂ ಚಿಕ್ಕದು ಮಾಡುವ ಬಗೆ).

ಸಿಡಿ ಓದಿಸಲು ಸಿಡಿಪ್ಯಾರನೋಯಾ ಅನ್ನೋ ಪ್ರೋಗ್ರಾಮ್ ಬಳಸಿದೆ. ಗೀರು ಬಿದ್ದ ಕಡೆ ಅದು ಮತ್ತೆ ಮತ್ತೆ ಓದುತ್ತದೆ, ಬೇಸರ ಬಂದರೂ ಸುಮ್ನೆ ಬಿಟ್ಟುಬಿಡಬೇಕು. ಸಿಡಿ ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ), 16 ಬಿಟ್, ಎರಡು ಚಾನೆಲ್. ಗಂಟೆಗೆ ಸುಮಾರು 635 ಎಂಬಿ. ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಆದರೆ ಒಂದು ಬಿಟ್ಟೂ ಕಳೆದುಹೋಗುವುದಿಲ್ಲ.

"8 ಹಾಕು, ಕ್ವಾಲಿಟಿ ಜಾಸ್ತಿ" ಅಂತ ಗೆಳೆಯ ಹೇಳಿದ್ದ. ಫ್ಲ್ಯಾಕ್‌ನಲ್ಲಿ ಎಷ್ಟು ಹಿಂಡಿ ಕುಗ್ಗಿಸಬೇಕು ಅನ್ನೋದಕ್ಕೆ 0ಯಿಂದ 8ರವರೆಗೆ ಲೆವೆಲ್ ಇದೆ, ನಾವೇನೂ ಹೇಳದಿದ್ದರೆ ಅದು 5 ಹಿಡಿಯುತ್ತದೆ. ಒಂದೇ ಹಾಡನ್ನು 5ರಲ್ಲೂ 8ರಲ್ಲೂ ಮಾಡಿ, ಎರಡನ್ನೂ ಮತ್ತೆ ವೇವ್ ಫೈಲಿಗೆ ಬಿಚ್ಚಿ ಎಂಡಿ5 (ಫೈಲಿನ ಬೆರಳಚ್ಚಿನಂಥ ಗುರುತು) ನೋಡಿದೆ. ಒಂದೇ! ಬದಲಾಗುವುದು ಫೈಲಿನ ಗಾತ್ರ ಮತ್ತು ಹಿಡಿಯುವ ಹೊತ್ತು ಮಾತ್ರ, ಅದರಲ್ಲೂ ಗಾತ್ರದ ವ್ಯತ್ಯಾಸ ತೀರಾ ಚಿಕ್ಕದು.

ಅದೇ ಗೆಳೆಯ ಒಂದಿಷ್ಟು ಫ್ಲ್ಯಾಕ್ ಫೈಲುಗಳನ್ನೂ ಕೊಟ್ಟಿದ್ದ. ಕೇಳಿದರೆ ತಾಳದ ಸದ್ದು ಯಾಕೋ ಮಂಕು. ಫ್ಲ್ಯಾಕ್‌ನದೇ ಪರೀಕ್ಷೆ ಓಡಿಸಿದೆ, ಎಲ್ಲವೂ ಪಾಸ್. ಆಗಲೇ ಬೇಕು ಬಿಡಿ, ಆ ಪರೀಕ್ಷೆ ನೋಡುವುದು ಎನ್‌ಕೋಡ್ ಮಾಡುವಾಗ ಒಳಗೆ ಹೋದದ್ದೇ ಈಗ ಹೊರಗೆ ಬರುತ್ತಿದೆಯಾ ಅನ್ನೋದನ್ನು ಅಷ್ಟೇ, ಒಳಗೆ ಹೋಗಿದ್ದು ಏನು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಾಕ್ಸ್ ಅನ್ನೋ ಪ್ರೋಗ್ರಾಮಿನಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಚಿತ್ರ) ತೆಗೆದಾಗ ವಿಷಯ ತಿಳಿಯಿತು. 16 ಕಿಲೋಹರ್ಟ್ಸ್ ಹತ್ತಿರ ಸ್ಕೇಲ್ ಇಟ್ಟು ಗೆರೆ ಎಳೆದಂತೆ ಕತ್ತರಿಸಿದೆ, ಅದರ ಮೇಲೆ ಎಲ್ಲ ಕಪ್ಪು. ಕಡಿಮೆ ಬಿಟ್‌ರೇಟಿನ (ಸೆಕೆಂಡಿಗೆ ಕಡಿಮೆ ಡೇಟಾದ) ಎಂಪಿ3 ಬಿಟ್ಟುಹೋಗುವ ಗುರುತು ಇದು. ಹಳೆ ಟೇಪಿನ ಹಾಡುಗಳಲ್ಲೂ ಮೇಲಿನ ಸ್ವರ ಇರುವುದಿಲ್ಲ ನಿಜ, ಆದರೆ ಅಲ್ಲಿ ಸದ್ದು ನಿಧಾನಕ್ಕೆ ಕರಗುತ್ತದೆ, ಹೀಗೆ ಕಡಿದಂತೆ ನಿಲ್ಲುವುದಿಲ್ಲ. ಯಾರೋ ಎಂಪಿ3ಯನ್ನೇ ಫ್ಲ್ಯಾಕ್ ಮಾಡಿದ್ದಾರೆ. ಕಳೆದುಹೋದದ್ದು ಹಾಗೆ ವಾಪಸ್ ಬರುವುದಿಲ್ಲ, ಡಿಸ್ಕ್ ತುಂಬುತ್ತದೆ ಅಷ್ಟೇ. ಎಲ್ಲ ಅಳಿಸಿದೆ.

ಓಪಸ್ ಕೆಲಸ ಸಲೀಸು. ಓಪಸ್‌ಎನ್ಕ್ ಅನ್ನೋ ಪ್ರೋಗ್ರಾಮ್ ನೇರವಾಗಿ ಫ್ಲ್ಯಾಕ್ ಓದುತ್ತದೆ, ಕನ್ನಡದಲ್ಲಿ ಬರೆದ ಹಾಡಿನ ಹೆಸರುಗಳನ್ನೂ ಜೊತೆಗೆ ತರುತ್ತದೆ. ಫೈಂಡ್ ಮತ್ತು ಎಕ್ಸ್‌ಆರ್ಗ್ಸ್ ಕಮಾಂಡ್‌ಗಳನ್ನು ಜೋಡಿಸಿ ಪ್ರೊಸೆಸರ್‌ನ ಎಲ್ಲ ಕೋರ್‌ಗಳಿಗೂ ಕೆಲಸ ಹಂಚಿದೆ. ಫೈಲ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಫೈಂಡ್‌ನ ಪ್ರಿಂಟ್0 ಆಯ್ಕೆ ಮರೆಯಬೇಡಿ, ಇಲ್ಲವಾದರೆ ಒಂದು ಹೆಸರು ನಾಲ್ಕು ತುಂಡಾಗಿ ಎರರ್ ಮೇಲೆ ಎರರ್.

ಓಪಸ್‌ಗೆ 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಸಾಕಾಗುತ್ತಾ ಅನ್ನೋ ಅನುಮಾನ ಇತ್ತು. ಯಾವುದು ಯಾವುದು ಅಂತ ಹೇಳದೆ ಫ್ಲ್ಯಾಕ್, ಓಪಸ್ ಎರಡನ್ನೂ ಹಾಕು ಅಂತ ತಮ್ಮನಿಗೆ ಹೇಳಿದೆ. ಒಳ್ಳೆ ಹೆಡ್‌ಫೋನ್‌ನಲ್ಲೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಗಾದರೆ ಫ್ಲ್ಯಾಕ್ ಯಾಕೆ ಅಂತ ಅವನು ಕೇಳಿದ. ಕಿವಿಗಲ್ಲ ಮಾರಾಯಾ, ನಾಳೆ ಫೋನಿನಲ್ಲಿ ಜಾಗ ಸಾಲದೆ 96ಕ್ಕೆ ಇಳಿಸಬೇಕಾದರೂ, ಓಪಸ್ ಬಿಟ್ಟು ಬೇರೇನೋ ಬಂದರೂ, ಫ್ಲ್ಯಾಕ್‌ನಿಂದಲೇ ಹೊಸದಾಗಿ ಮಾಡಿಕೊಳ್ಳಬಹುದು. ಆ ಗೀರು ಬಿದ್ದ ಸಿಡಿಗಳನ್ನು ಮತ್ತೆ ಓದಿಸುತ್ತಾ ಕೂರುವ ತಾಳ್ಮೆ ನನಗಂತೂ ಇಲ್ಲ.