ಸಂಧಿವಾತದವರ ಅಡುಗೆಮನೆ: ಕುಮಟೆಯ ಮಳೆಗಾಲದ ದಾಖಲೆ

ಜೂನ್, 1ನೇ ವಾರ

ಇಲ್ಲಿ ಸಂಧಿವಾತ ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಮೈಯ ನಿರೋಧಕ ಶಕ್ತಿಯೇ ಕೀಲಿನ ಮೇಲೆ ಎರಗುವ ಕಾಯಿಲೆ. ಯೂರಿಕ್ ಆಮ್ಲ ಏರಿ ಬರುವ ಗೌಟ್ ಬೇರೆಯದೇ ಕಾಯಿಲೆ. ಅದಕ್ಕೆ ಬಂಗಡೆ, ತಾರ್ಲೆ ಮೀನು ಕಡಿಮೆ ಮಾಡಬೇಕು, ಇದಕ್ಕೆ ಅವೇ ಬೇಕು. ಊರಲ್ಲಿ ಎರಡಕ್ಕೂ ‘ವಾತ’ ಅನ್ನುವುದರಿಂದ ಒಬ್ಬರ ಪಥ್ಯ ಇನ್ನೊಬ್ಬರ ಬಟ್ಟಲಿಗೆ ಬಂದು ಬೀಳುತ್ತದೆ. ಊಟ ಎಷ್ಟೇ ಸುಧಾರಿಸಿದರೂ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸುವಂತಿಲ್ಲ. ಕೀಲು ಸವೆಯುವುದನ್ನು ತಡೆಯುವುದು ಮಾತ್ರೆ, ತಂಬುಳಿ ಅಲ್ಲ.

ಮೊದಲ ಕೆಲಸ, ಬಿಟ್ಟುಬಿಟ್ಟ ಪದಾರ್ಥಗಳನ್ನು ಬರೆದಿಡುವುದು. ಬದನೆ ನಂಜು, ಬಂಗಡೆ ನಂಜು, ಸಿಗಡಿ ನಂಜು, ಹಲಸು ವಾಯು, ಬಟಾಟೆ ವಾಯು, ಮೊಸರು ಶೀತ. ಕೊನೆಗೆ ಉಳಿದದ್ದು ಅನ್ನ, ತಿಳಿಸಾರು, ಉಪ್ಪಿನಕಾಯಿ. ಈ ಕಾಯಿಲೆಯೇ ಸ್ನಾಯು ಕರಗಿಸುತ್ತದೆ, ಮೇಲಿಂದ ಬಟ್ಟಲಲ್ಲಿ ಪ್ರೊಟೀನೂ ಇಲ್ಲ. ಹಾಗಾಗಿ ಪಟ್ಟಿಯಿಂದ ಒಂದೊಂದನ್ನೇ ವಾಪಸು ತರುವುದು ಎಂದಾಯಿತು: ಒಂದು ಪದಾರ್ಥಕ್ಕೆ ಎರಡು ವಾರ, ಆ ಅವಧಿಯಲ್ಲಿ ಬೇರೇನೂ ಬದಲಿಲ್ಲ, ಬೆಳಿಗ್ಗೆ ಎದ್ದಮೇಲೆ ಬೆರಳು ಸಡಿಲಾಗಲು ಹಿಡಿದ ನಿಮಿಷ ಕ್ಯಾಲೆಂಡರಿನಲ್ಲಿ. ಒಂದು ದಿನ ಗಂಟು ಬಾತುಕೊಂಡಿತೆಂದು ಬದನೆಯನ್ನು ದೂರುವ ಹಾಗಿಲ್ಲ, ಈ ನೋವು ತನ್ನಷ್ಟಕ್ಕೇ ಏರಿಳಿಯುವಂಥದ್ದು. ಬಿಟ್ಟಾಗ ಇಳಿದು ತಿಂದಾಗ ಮತ್ತೆ ಏರಿದರೆ, ಅದೂ ಎರಡು ಮೂರು ಸಲ ಹಾಗೇ ಆದರೆ ಮಾತ್ರ ಅದನ್ನು ಬಿಡುವುದು.

ಜೂನ್, 3ನೇ ವಾರ

ಉಪ್ಪಿನ ಲೆಕ್ಕ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಾಲ್ಕು ಜನರ ಮನೆಗೆ 20 ಗ್ರಾಂ, ಅಂದರೆ ಅರ್ಧ ಕೆಜಿ ಉಪ್ಪು 25 ದಿನ ಬರಬೇಕು. ತೂಗಿ ಇಟ್ಟ ಡಬ್ಬಿ 16ನೇ ದಿನಕ್ಕೆ ಖಾಲಿ! ತಲೆಗೆ ಹತ್ತಿರ ಹತ್ತಿರ 8 ಗ್ರಾಂ. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು ಈ ಲೆಕ್ಕಕ್ಕೆ ಸೇರಿಯೇ ಇಲ್ಲ. ಪ್ರೆಡ್ನಿಸೊಲೋನ್ (ಸ್ಟೆರಾಯ್ಡ್ ಮಾತ್ರೆ) ಅಥವಾ ನೋವಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಸಣ್ಣ ಸಂಗತಿಯಲ್ಲ, ಎರಡೂ ಮೈಯಲ್ಲಿ ನೀರು ನಿಲ್ಲಿಸುತ್ತವೆ, ಬಿಪಿ ಏರಿಸುತ್ತವೆ.

ಎಲ್ಲಿ ಹೆಚ್ಚಾಗುತ್ತಿತ್ತು? ರುಬ್ಬುವಾಗ ಒಮ್ಮೆ, ಕುದಿಸುವಾಗ ಒಮ್ಮೆ, ‘ಸಪ್ಪೆ’ ಎಂದು ಕಡೆಗೊಮ್ಮೆ. ಈಗ ಬೆಳಿಗ್ಗೆಯೇ 20 ಗ್ರಾಂ ತೂಗಿ ಸಣ್ಣ ಬಟ್ಟಲಲ್ಲಿ ಇಡುವುದು, ಒಲೆ ಆರಿಸಿದ ಮೇಲೆ ಅದರಿಂದಲೇ ಹಾಕುವುದು. ಸಪ್ಪೆ ಎನಿಸಿದರೆ ಮುರುಗಲು (ಕೋಕಂ) ಸಿಪ್ಪೆ ಎರಡು ಹೆಚ್ಚು, ಹುಳಿ ಬಿದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಕೆಲವರು ಮುರುಗಲನ್ನು ಉಪ್ಪುನೀರಲ್ಲಿ ಅದ್ದಿ ಒಣಗಿಸುತ್ತಾರೆ, ಕೊಳ್ಳುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಬೇಕು. ಅಪ್ಪೆಮಿಡಿ ಅರ್ಧ, ರಸ ಬೇಡ. ಒಣಮೀನನ್ನು ತುಂಡು ಮಾಡಿ ಅರ್ಧರ್ಧ ಗಂಟೆಯಂತೆ ಎರಡು ನೀರಲ್ಲಿ ನೆನೆಸಿ, ಆ ದಿನದ ಗಂಜಿಗೆ ಉಪ್ಪೇ ಇಲ್ಲ.

ಜುಲೈ, 1ನೇ ವಾರ

ಕೈಯ ಸಮಸ್ಯೆ. ಬೆರಳ ಬುಡ ಊದಿರುವಾಗ ಹೆರೆಮಣೆಯ ಮೇಲೆ ಕೂತು ಕಾಯಿ ತುರಿಯುವುದು ಆಗದ ಮಾತು. ಮೇಜಿಗೆ ಅಂಟಿಸಿ ಹಿಡಿ ತಿರುಗಿಸುವ ತುರಿಮಣೆಯೂ ನಡೆಯಲಿಲ್ಲ: ಒಂದು ಕೈ ತಿರುಗಿಸುವಾಗ ಇನ್ನೊಂದು ಕೈ ಕಡಿಯನ್ನು ಒತ್ತಿ ಹಿಡಿಯಬೇಕು, ನೋವು ಬರುವುದೇ ಆ ಒತ್ತಿನಲ್ಲಿ.

ಹೊಂದಿದ ದಾರಿ ಇದು. ಒಡೆದ ಕಡಿಗಳನ್ನು ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಹತ್ತು ನಿಮಿಷ ಹೊರಗಿಟ್ಟು ಕರಟಕ್ಕೆ ಸುತ್ತ ತಟ್ಟಿದರೆ ಕಾಯಿ ಇಡಿಯಾಗಿ ಕಳಚಿಕೊಳ್ಳುತ್ತದೆ. ಚೂರು ಮಾಡಿ ಮಿಕ್ಸಿಯಲ್ಲಿ ನೀರಿಲ್ಲದೆ ಐದಾರು ಸಲ ಬಿಟ್ಟು ಬಿಟ್ಟು ತಿರುಗಿಸಿ, ಒಂದೊಂದು ಕಪ್ಪಿನ ಡಬ್ಬಿಗಳಲ್ಲಿ ಮತ್ತೆ ಫ್ರೀಜರಿಗೆ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಕಂದು ಸಿಪ್ಪೆಯಿಂದ ತಂಬುಳಿಯ ಬಣ್ಣ ತುಸು ಮಂಕಾಗುತ್ತದೆ, ರುಚಿಗೆ ದೋಷವಿಲ್ಲ. ತೊಂದರೆ ಕೊಟ್ಟದ್ದು ಕರೆಂಟು. ಇಡೀ ರಾತ್ರಿ ಇಲ್ಲದ ದಿನ ತುರಿ ಕರಗಿ, ಮತ್ತೆ ಗಟ್ಟಿಯಾಗಿ, ಮುಗ್ಗು ವಾಸನೆ ಬಂತು. ನಾಲ್ಕೂ ಡಬ್ಬಿ ಗೊಬ್ಬರದ ಗುಂಡಿಗೆ. ಈಗ ಎರಡು ದಿನಕ್ಕಾಗುವಷ್ಟೇ ಮಾಡುವುದು.

ಕುಚ್ಚಲಕ್ಕಿ ಅನ್ನ ಬಸಿಯಲು ಬಿಸಿ ಪಾತ್ರೆ ಬಗ್ಗಿಸುವುದು ಇನ್ನೂ ಅಪಾಯ, ಮಣಿಕಟ್ಟು ಸೋತರೆ ಗಂಜಿ ಕಾಲ ಮೇಲೆ. ಅಕ್ಕಿಯನ್ನು 15 ನಿಮಿಷ ಕುದಿಸಿ ಥರ್ಮಲ್ ಡಬ್ಬಿಯಲ್ಲಿ ಒಂದು ಗಂಟೆ ಮುಚ್ಚಿಟ್ಟು, ತೂತಿನ ಸೌಟಿನಿಂದ ಅನ್ನವನ್ನೇ ಎತ್ತಿಕೊಳ್ಳುವುದು. ಪಾತ್ರೆ ಅಲುಗಾಡುವುದೇ ಇಲ್ಲ.

ಜುಲೈ, 3ನೇ ವಾರ

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ, ತಪ್ಪಿಯೂ ದಿನಾ ಅಲ್ಲ. ಮರುದಿನ ಹೊಟ್ಟೆ ತೊಳಸುವವರಿಗೆ ಅವತ್ತು ತೆಳು ಗಂಜಿ, ಶುಂಠಿ ತಂಬುಳಿ, ಮುರುಗಲು ಸಾರು. ಒಗ್ಗರಣೆಯ ಹೊಗೆ ಬೇಡ. ‘ರೋಗನಿರೋಧಕ’ ಎಂದು ಅಮೃತಬಳ್ಳಿ ಕಷಾಯ ಕುಡಿಸುವುದನ್ನು ಇಲ್ಲಿ ನಿಲ್ಲಿಸಿದ್ದೇವೆ. ಈ ಕಾಯಿಲೆಯಲ್ಲಿ ನಿರೋಧಕ ಶಕ್ತಿಯೇ ಕೀಲಿನ ಮೇಲೆ ಎರಗಿರುತ್ತದೆ, ಜೊತೆಗೆ ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಮುಂಬೈಯಿಂದ ವರದಿಯಾಗಿವೆ. ಯಕೃತ್ತಿನ ಮೇಲೆ ಮೆಥೊಟ್ರೆಕ್ಸೇಟಿನ ಭಾರ ಮೊದಲೇ ಇದೆ.

ಅರಿಶಿನದ ಬಗ್ಗೆ ಎರಡೇ ಮಾತು. ಅರ್ಧ ಚಮಚ ಅರಿಶಿನ ಸುಮಾರು 1.5 ಗ್ರಾಂ, ಅದರಲ್ಲಿ ಔಷಧಿಯ ಅಂಶವೆನ್ನುವ ಕರ್ಕ್ಯುಮಿನ್ ಸುಮಾರು 45 ಮಿಲಿಗ್ರಾಂ. ಔಷಧಿಯಾಗಿ ಪರೀಕ್ಷಿಸಿದ ಪ್ರಮಾಣ ಇದರ ಹತ್ತು ಪಟ್ಟು ಅಥವಾ ಅದಕ್ಕೂ ಮೇಲೆ. ರುಚಿಗೆ ಹಾಕಿ.

ಆಗಸ್ಟ್, 2ನೇ ವಾರ

ಯಾಂತ್ರಿಕ ದೋಣಿಗಳ ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಬಂಗಡೆ ಬಂತು. ವಾರಕ್ಕೆ ಎರಡು ಊಟ. ಸಂಧಿವಾತಕ್ಕೆ ಮೀನೆಣ್ಣೆ ಪರೀಕ್ಷಿಸಿದ್ದು ದಿನಕ್ಕೆ ಸುಮಾರು 3 ಗ್ರಾಂ ಒಮೆಗಾ-3 ಲೆಕ್ಕದಲ್ಲಿ, ವಾರಕ್ಕೆರಡು ಬಂಗಡೆಯಿಂದ ಅಷ್ಟು ಸಿಗದು. ಆದರೂ ಒಳ್ಳೆಯ ಪ್ರೊಟೀನು, ಒಳ್ಳೆಯ ಕೊಬ್ಬು.

ಕೊಳ್ಳುವಾಗ ಐಸ್ ಕೇಳಿ. ಬಂಗಡೆ ಬೆಚ್ಚಗಿದ್ದಷ್ಟು ಹೊತ್ತೂ ಅದರಲ್ಲಿ ಹಿಸ್ಟಮೀನ್ ಎಂಬ, ಅಲರ್ಜಿಯಂಥ ತೊಂದರೆ ತರುವ ರಾಸಾಯನಿಕ ಕೂಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ವಾಸನೆಯಲ್ಲೂ ತಿಳಿಯದು. ತಿಂದು ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸುತ್ತದೆ. ‘ಬಂಗಡೆ ನಂಜು’ ಎಂಬ ಮಾತಿನ ಬೇರು ಎಷ್ಟೋ ಕಡೆ ಇದೇ ಇರಬೇಕು.

ಹುರಿಯುವ ಬದಲು ಅರಿಶಿನ ಎಲೆಯಲ್ಲಿ ಹಬೆ. ಮಧ್ಯಮ ಗಾತ್ರದ 2 ಮೀನಿಗೆ ಬ್ಯಾಡಗಿ ಮೆಣಸು 6, ಕೊತ್ತಂಬರಿ ಬೀಜ 1 ಚಮಚ, ಕಾಳುಮೆಣಸು 6, ಅರಿಶಿನ ಕಾಲು ಚಮಚ, ನೆನೆಸಿದ ಮುರುಗಲು ಸಿಪ್ಪೆ 4, ಕಾಯಿತುರಿ ಕಾಲು ಕಪ್, ಗಟ್ಟಿಯಾಗಿ ರುಬ್ಬಿ. ತೆಪ್ಪಲ (ಮೀನಿಗೆ ಹಾಕುವ ಘಾಟಿನ ಒಣಕಾಯಿ) 6, ಕಪ್ಪು ಬೀಜ ತೆಗೆದು ಜಜ್ಜಿ ಸೇರಿಸಿ, ರುಬ್ಬಿದರೆ ಕಹಿ. ಎರಡೂ ಬದಿ ಮೂರು ಸೀಳು, ಮಸಾಲೆ ಹಚ್ಚಿ ಎಲೆ ಸುತ್ತಿ 12 ನಿಮಿಷ. ಮೊದಲ ಸಲ ಮುಚ್ಚಳದ ನೀರು ತೊಟ್ಟಿಕ್ಕಿ ಮಸಾಲೆ ಎಲ್ಲ ತೊಳೆದುಹೋಯಿತು. ಮುಚ್ಚಳಕ್ಕೆ ಬಟ್ಟೆ ಕಟ್ಟಿದ ಮೇಲೆ ಸರಿಹೋಯಿತು. ಮುಳ್ಳಿನ ಬಳಿ ಮಾಂಸ ಬೆಳ್ಳಗಾಗಿ ಬಿಟ್ಟುಬಂದರೆ ಬೆಂದಿದೆ. 18 ನಿಮಿಷ ಬಿಟ್ಟದ್ದು ನಾರುನಾರಾಯಿತು.

ಬಳಚು, ಕಾಲ್ವದಂಥ ಚಿಪ್ಪುಮೀನು ಪೂರ್ತಿ ಬೇಯದೆ ಬೇಡ, ನಿರೋಧಕ ಶಕ್ತಿ ಇಳಿಸುವ ಮಾತ್ರೆಯಲ್ಲಿರುವವರಿಗಂತೂ ಖಂಡಿತ ಬೇಡ.

ಮುಂದಿನ ವಾರ ತಾರ್ಲೆ: ಮುರುಗಲು ಹಾಕಿ ಕುಕ್ಕರಿನಲ್ಲಿ 25 ನಿಮಿಷ, ಮುಳ್ಳು ಸಮೇತ ತಿನ್ನುವಷ್ಟು ಮೆತ್ತಗಾಗುತ್ತದೆಯೇ ನೋಡಬೇಕು. ಪ್ರೆಡ್ನಿಸೊಲೋನ್ ಮೂಳೆಯ ಕ್ಯಾಲ್ಸಿಯಂ ಕಳೆಯುತ್ತದೆ, ಅದಕ್ಕೆ.