ಮುಕಾದಮ್ ಮಾಮಾನಿಗೂ ಒಂದು ಶಾಲು

ಪುಣೆ ಶಿವಾಜಿನಗರದ ನಮ್ಮ ಕೃಷಿ ಕಾಲೇಜು ಈ ವರ್ಷ ಹಳೆಯ ವಿದ್ಯಾರ್ಥಿಗಳನ್ನೂ ಕಾಲೇಜಿಗೆ ನೆರವಾದವರನ್ನೂ ಕರೆದು ಸನ್ಮಾನ ಮಾಡಿತು. ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. 'ಜತ್ತ, ಸಾಂಗೋಲಾ ಭಾಗದಲ್ಲಿ ದಾಳಿಂಬೆಗಾಗಿ ದುಡಿದ ಅಧಿಕಾರಿ' ಎಂದು ಪರಿಚಯ ಮಾಡಿಕೊಟ್ಟರು. ತುಂಬಾ ಖುಷಿಯಾಯಿತು. ಹೆಂಡತಿ, ಮಗಳು, ಮೊಮ್ಮಗ ಮುಂದಿನ ಸಾಲಿನಲ್ಲೇ ಕೂತು ಕೇಳಿದರು. ಆದರೆ ಅಲ್ಲಿ ಇರಬೇಕಾಗಿದ್ದ ಇಬ್ಬರು ಇರಲಿಲ್ಲ. ನಮಗೆ ಹಣ್ಣಿನ ಬೆಳೆ ಕಲಿಸಿದ ಹಣ್ಣಿನ ಸರ್ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಕಾಲೇಜಿನ ಫಾರ್ಮಿನ ಆಳುಗಳ ಮೇಸ್ತ್ರಿ ಮುಕಾದಮ್ ಮಾಮಾ ಹೋಗಿ ಬಹಳ ವರ್ಷವಾಯಿತು. ಸರ್ ಫೋಟೊಗೆ ಹಾರ ಹಾಕಿದ್ದರು. ಮಾಮಾನ ಹೆಸರನ್ನು ಯಾರೂ ಎತ್ತಲಿಲ್ಲ. ಕಾಲೇಜಿನ ಸಂಚಿಕೆಯಲ್ಲಿ ಕನ್ನಡ ಪುಟಗಳೂ ಇರುತ್ತವೆ, ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಈ ಇಬ್ಬರ ಬಗ್ಗೆಯೇ ಬರೆಯುತ್ತೇನೆ ಎಂದೆ.

ಈ ಕಾಲೇಜಿಗೂ ಕನ್ನಡದವರಿಗೂ ನಂಟು ಹಳೆಯದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರದ ಹುಡುಗರು ಕೃಷಿ ಓದಲು ಪುಣೆಗೇ ಬರುತ್ತಿದ್ದರು. 1947ರಲ್ಲಿ ಧಾರವಾಡದಲ್ಲೇ ಕೃಷಿ ಕಾಲೇಜು ಶುರುವಾಯಿತು. ಆಮೇಲೆ ಆ ಕಡೆಯವರು ಕಡಿಮೆಯಾದರು. ಈಗ ಮಹಾರಾಷ್ಟ್ರದಲ್ಲಿರುವ ಜತ್ತ, ಅಕ್ಕಲಕೋಟೆಯ ನಾವು ಮಾತ್ರ ಬರುತ್ತಲೇ ಇದ್ದೆವು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ನಮ್ಮ ಊರುಗಳು ಈಚೆಗೇ ಉಳಿದವಲ್ಲ! ಮನೆಯಲ್ಲಿ ಕನ್ನಡ, ಕಚೇರಿಯ ಕಾಗದ ಮರಾಠಿ.

ನಾನು ಸೇರಿದ್ದು 1972ರ ಬರ ಮುಗಿದ ಮೇಲೆ. ಆ ಬರದಲ್ಲಿ ನಮ್ಮಪ್ಪ ಸರ್ಕಾರಿ ರಸ್ತೆ ಕೆಲಸಕ್ಕೆ ಹೋಗಿ ಖಡಿ ಒಡೆದಿದ್ದರು. ಸ್ವಂತ ಹೊಲ ಇದ್ದ ರೈತ, ಬಿಸಿಲಲ್ಲಿ ಕೂತು ಕಲ್ಲು ಒಡೆದರು. ಹಾಗಾಗಿ ಬರಿಗಾಲಲ್ಲಿ ನಡೆದು ಬಂದವನಿಗೆ ನೆರಳು ಸಿಕ್ಕ ಹಾಗೆ ನನಗೆ ಈ ಕಾಲೇಜು ಸಿಕ್ಕಿತು.

ಪಾಠದ ಪುಸ್ತಕಗಳಲ್ಲಿ ಏನಿತ್ತೋ ಈಗ ಹೆಚ್ಚು ನೆನಪಿಲ್ಲ. ನೆನಪಿರುವುದು ಹಣ್ಣಿನ ಸರ್ ಜೇಬಿನ ಕಸಿ ಚಾಕು. ಅವರು ನೋಟ್ಸ್ ಬರೆಸಿದವರೇ ಅಲ್ಲ. ಸೈಕಲ್ ಹತ್ತಿಸಿ ಪುಣೆಯಲ್ಲೇ ಇರುವ ಗಣೇಶಖಿಂಡದ ಹಣ್ಣಿನ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮೌಖಿಕ ಪರೀಕ್ಷೆಯಲ್ಲಿ ಎಲೆ ಇಲ್ಲದ ಕಡ್ಡಿಯೊಂದನ್ನು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಮುಟ್ಟಿ ಹೇಳು ಯಾವ ಗಿಡ ಅಂತ ಕೇಳುತ್ತಿದ್ದರು. ತಾವು ಮರಾಠಿಯವರಾದರೂ ನಮ್ಮನ್ನು ಕಂಡರೆ 'ಊಟ ಆತೇನ್ರೋ?' ಎನ್ನದೆ ಮುಂದೆ ಹೋಗುತ್ತಿರಲಿಲ್ಲ.

ಗಣೇಶಖಿಂಡದಲ್ಲಿ ಅವರು ಹೇಳುತ್ತಿದ್ದುದು ಹಣ್ಣಿನ ತಳಿಗಳ ವಿಜ್ಞಾನಿ ಡಾ. ಚೀಮಾ ಅವರ ಕಥೆ. ಸರ್ದಾರ್ ಸೀಬೆ, ಚೀಮಾ ಸಾಹೇಬಿ ದ್ರಾಕ್ಷಿ, ಗಣೇಶ ದಾಳಿಂಬೆ, ಮೂರೂ ಆ ತೋಟದಲ್ಲಿ ಚೀಮಾ ಆರಿಸಿದ ತಳಿಗಳು. ಆಳಂದಿ ಎಂಬ ಹಳೆಯ ದಾಳಿಂಬೆಯ ಸಸಿಗಳ ನಡುವೆ ಬೀಜ ಮೆತ್ತಗಿದ್ದ ಒಂದು ಗಿಡವನ್ನು ಗುರುತಿಸಿದರು. ಮೊದಲು ಅದಕ್ಕೆ ಜಿಬಿಜಿ-1 ಎಂಬ ನಂಬರ್ ಇತ್ತು. 1970ರಲ್ಲಿ ಗಣೇಶ ಎಂಬ ಹೆಸರು ಬಂತು. ಇದನ್ನು ಹೇಳಿ ಮುಗಿಸಿ ಸರ್ ಪ್ರತಿ ಸಲ ನಮ್ಮನ್ನು ಕೇಳುತ್ತಿದ್ದರು, 'ಗಿಡ ಆರಿಸಿದವರು ಚೀಮಾ ಸಾಹೇಬರು. ಆ ಗಿಡಕ್ಕೆ ದಿನಾ ನೀರು ಹಾಕಿದವರು ಯಾರು?' ಆಗ ನಾವು ಸುಮ್ನೆ ನಗುತ್ತಿದ್ದೆವು.

ಇನ್ನು ಕಾರಹುಣ್ಣಿವೆಯ ಕಥೆ ಹೇಳಲೇಬೇಕು. ಪುಣೆಯ ಕಡೆ ಎತ್ತಿನ ಹಬ್ಬ ಎಂದರೆ ಶ್ರಾವಣದ ಕೊನೆಗೆ ಬರುವ ಪೋಳಾ. ನಮಗೆ ಅದು ಜೂನ್ ಹೊತ್ತಿಗೇ ಬರುವ ಕಾರಹುಣ್ಣಿವೆ. ಊರಿಗೆ ಹೋಗಲು ರಜೆ ಇಲ್ಲ. ಕಾಲೇಜಿನ ಫಾರ್ಮಿನಲ್ಲಿ ಒಂದು ಜೋಡಿ ಕಿಲಾರಿ ಎತ್ತುಗಳಿದ್ದವು. ಕಿಲಾರಿ ನಮ್ಮ ಸೀಮೆಯದೇ ತಳಿ, ನಮ್ಮೂರಿನವರೇ ಬಂದ ಹಾಗೆ ಅವುಗಳ ಮೇಲೆ ನಮಗೆ ಪ್ರೀತಿ. ಕೊಂಬಿಗೆ ಬಣ್ಣ ಬಳಿದೆವು. ಹಾಸ್ಟೆಲಿನ ಬೆಡ್‌ಶೀಟು ಎತ್ತಿನ ಬೆನ್ನಿಗೆ ಹೊದಿಸುವ ಝೂಲವಾಯಿತು. ಮೆಸ್ಸಿನ ಮಾವಶಿಯನ್ನು ಕಾಡಿ ಹೋಳಿಗೆ ಮಾಡಿಸಿ ಎತ್ತುಗಳಿಗೆ ತಿನ್ನಿಸಿದೆವು. ಸಂಜೆ ಗೇಟಿಗೆ ಅಡ್ಡವಾಗಿ ಬೇವಿನ ಸೊಪ್ಪಿನ ತೋರಣ, ಅಂದರೆ ಕರಿ ಕಟ್ಟಿದೆವು. ಊರಿನಲ್ಲಿ ಕೆಂದೆತ್ತು ಮೊದಲು ಕರಿ ಹರಿದರೆ ಮುಂಗಾರಿ ಚೆನ್ನ, ಬಿಳಿ ಎತ್ತು ಹರಿದರೆ ಹಿಂಗಾರಿ ಚೆನ್ನ ಎನ್ನುತ್ತಾರೆ. ಇಲ್ಲಿ ಎರಡೂ ಬಿಳಿ. ಹಿಂಗಾರಿ ಗ್ಯಾರಂಟಿ ಎಂದು ಕೂಗುತ್ತ ಓಡಿಸಿದೆವು.

ಅಷ್ಟರಲ್ಲಿ ಎದುರಿಗೆ ಯಾರದೋ ಮೋಟಾರ್ ಸೈಕಲ್ ಸದ್ದು ಮಾಡುತ್ತ ಬಂತು. ಎತ್ತುಗಳು ಬೆದರಿ, ಕರಿ ಬಿಟ್ಟು ಪಕ್ಕಕ್ಕೆ ತಿರುಗಿ, ಸೀದಾ ನರ್ಸರಿಗೆ ನುಗ್ಗಿದವು. ದಾಳಿಂಬೆ ಸಸಿಯ ಚೀಲಗಳ ಸಾಲು ಸಾಲೇ ನೆಲಕಚ್ಚಿತು.

ಮುಕಾದಮ್ ಮಾಮಾ ಓಡಿ ಬಂದ. ಧೋತರ, ತಲೆಯ ಮೇಲೆ ಬಿಳಿ ಟೋಪಿ. ಒಂದು ಸಲ ಸೀಟಿ ಹಾಕಿದ, ಎತ್ತುಗಳು ನಿಂತುಬಿಟ್ಟವು. ಮರುದಿನ ವಿಚಾರಣೆಯಲ್ಲಿ 'ಹಗ್ಗ ನಾನೇ ಸಡಿಲ ಬಿಟ್ಟಿದ್ದೆ ಸಾಹೇಬ' ಎಂದ. ಅವನ ಸಂಬಳದಲ್ಲಿ ಕಡಿತ ಆಗುವ ಹಾಗಿತ್ತು. ಸರ್ ಎಲ್ಲರ ಮುಖ ನೋಡಿದರು. ನಮ್ಮ ಬೆರಳುಗಳಲ್ಲಿ ಕೊಂಬಿನ ಬಣ್ಣ ಹಾಗೇ ಇತ್ತು. ಅವರು ಬೈಯಲಿಲ್ಲ. 'ಮಳೆಗಾಲ ಪೂರ್ತಿ ಮುಕಾದಮ್ ಕೈ ಕೆಳಗೆ ಗೂಟಿ ಕಟ್ಟಿ, ಹೋದ ಸಸಿಗಳನ್ನು ತುಂಬಿಕೊಡಿ' ಎಂದರು. ಮಾಮಾನ ಸಂಬಳಕ್ಕೆ ಏನೂ ಆಗದಂತೆ ನೋಡಿಕೊಂಡರು.

ಗೂಟಿ ಕಟ್ಟುವುದನ್ನು, ಅಂದರೆ ಗಿಡದ ಮೇಲಿರುವಾಗಲೇ ಟೊಂಗೆಗೆ ಬೇರು ಬರಿಸಿ ಸಸಿ ಮಾಡುವುದನ್ನು, ನಾನು ಕಲಿತದ್ದು ಹಾಗೆ. ಪೆನ್ಸಿಲ್ ದಪ್ಪದ, ವರ್ಷ ತುಂಬಿದ ಟೊಂಗೆ ಬೇಕು. ಹೆಬ್ಬೆರಳಿನ ಅಗಲದಷ್ಟು ತೊಗಟೆಯನ್ನು ಸುತ್ತಲೂ ಬಿಡಿಸಬೇಕು. ಒಳಗಿನ ಜಿಗುಟನ್ನು ಚಾಕುವಿನ ಬೆನ್ನಿನಿಂದ ಕೆರೆಯಬೇಕು. ಅದನ್ನು ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಒದ್ದೆ ಪಾಚಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಸುಮಾರು ಒಂದು ತಿಂಗಳಿಗೆ ಬಿಳಿ ಬೇರು ಹೊರಗಿನಿಂದಲೇ ಕಾಣುತ್ತದೆ. ಇದೆಲ್ಲ ಪುಸ್ತಕದಲ್ಲಿಯೂ ಇತ್ತು. ಆದರೆ ಗಂಟು ಎಷ್ಟು ಬಿಗಿ ಇರಬೇಕು, ಪಾಚಿ ಹಿಂಡಿದಾಗ ಎಷ್ಟು ನೀರು ಉಳಿಯಬೇಕು ಎಂದು ಕೈ ಹಿಡಿದು ತೋರಿಸಿದವನು ಮಾಮಾ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಮ್ಮ ಬ್ಯಾಚಿನ ಅರ್ಧ ಜನಕ್ಕೆ ತೋಟಗಾರಿಕೆ ಕಲಿಸಿದವನು ಅವನೇ ಎಂದು ನಾನು ಯಾವ ವೇದಿಕೆಯಲ್ಲಾದರೂ ಹೇಳುತ್ತೇನೆ.

ಮುಂದೆ ಕೃಷಿ ಇಲಾಖೆ ಸೇರಿದೆ. 1990ರಲ್ಲಿ ಮಹಾರಾಷ್ಟ್ರ ಸರ್ಕಾರ ಕೂಲಿ ಕೆಲಸದ ಖಾತ್ರಿ ಕೊಡುವ ರೋಜಗಾರ್ ಹಮಿ ಯೋಜನೆಯನ್ನು ಹಣ್ಣಿನ ತೋಟಕ್ಕೆ ಜೋಡಿಸಿತು. ಒಂದು ಕಾಲಕ್ಕೆ ಖಡಿ ಒಡೆಸಿದ ಸರ್ಕಾರವೇ ಈಗ ಬಡ ರೈತನ ಹೊಲದಲ್ಲಿ ಗಿಡ ನೆಡಲು ಕೂಲಿ ಕೊಟ್ಟಿತು! ನಮ್ಮ ಕಡೆ ಸಸಿ ಸಾಲುತ್ತಿರಲಿಲ್ಲ. ನಾನು ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಗೂಟಿ ಕಟ್ಟುವುದನ್ನು ಕಲಿಸಿದೆ. ಮಾಮಾ ಕಲಿಸಿದ ಹಾಗೆಯೇ ಕಲಿಸಿದೆ. ಜೋಳವೂ ಸರಿಯಾಗಿ ಬಾರದ ಹೊಲಗಳಲ್ಲಿ ದಾಳಿಂಬೆ ನಿಂತಿತು. ಇವತ್ತಿಗೂ ಆ ಕಡೆ ಹೋದರೆ ಜನ 'ಸಾಹೇಬ್ರ ಬಂದ್ರು' ಎಂದು ಕೂರಿಸಿ ಚಹಾ ಕೊಡುತ್ತಾರೆ. ಅದರ ಹೆಮ್ಮೆ ನನಗಿದೆ. ಈಗ ಗಣೇಶ ಕಡಿಮೆಯಾಗಿ ಭಗವಾ ತಳಿಯೇ ಜಾಸ್ತಿ. ತೇಲ್ಯಾ ಎಂಬ ದಾಳಿಂಬೆಯ ಚುಕ್ಕೆ ರೋಗ ಬಂದು ತೋಟಗಳು ಹಾಳಾದ ವರ್ಷಗಳನ್ನೂ ನೋಡಿದ್ದೇನೆ. ಕಂಡ ಕಂಡ ಗಿಡದಿಂದ ಗೂಟಿ ತಂದರೆ ಆ ರೋಗವೂ ಜೊತೆಗೇ ಬರುತ್ತದೆ. ತಾಯಿ ಗಿಡ ನೋಡಿ ಕಟ್ಟು ಎಂದು ಮಾಮಾ ಆಗಲೇ ಹೇಳುತ್ತಿದ್ದ.

ಇವತ್ತಿನ ಹುಡುಗರ ಬಗ್ಗೆ ಒಂದು ಮಾತು. ಬುದ್ಧಿವಂತರು, ಅದರಲ್ಲಿ ಅನುಮಾನವಿಲ್ಲ. ಆದರೆ ಮೊದಲ ವರ್ಷದಿಂದಲೇ ಸರ್ಕಾರಿ ನೌಕರಿಯ ಪರೀಕ್ಷೆಯಾದ ಎಂಪಿಎಸ್‌ಸಿ ಪುಸ್ತಕ ಹಿಡಿಯುತ್ತಾರೆ. ಕೊನೆಯ ವರ್ಷ ಹಳ್ಳಿಯಲ್ಲಿ ರೈತನ ಜೊತೆ ಇದ್ದು ಕಲಿಯುವ ರಾವೆ ಅವಧಿ ಇದೆ, ಅದು ನಮ್ಮ ಕಾಲದಲ್ಲಿ ಇರಲಿಲ್ಲ. ಎಂಥ ಒಳ್ಳೆಯ ವ್ಯವಸ್ಥೆ! ಅಲ್ಲಿಯೂ ಕೆಲವರು ಮೊಬೈಲಿನಲ್ಲಿ ಫೋಟೊ ತೆಗೆದು, ಫೈಲು ತುಂಬಿ, ವಾಪಸ್ ಬಂದುಬಿಡುತ್ತಾರೆ. ಅವರನ್ನೊಬ್ಬರನ್ನೇ ಬೈದರೆ ಸರಿಯಲ್ಲ. ಕೈ ಕೆಸರು ಮಾಡಿಕೊಂಡವನಿಗೆ ನಾವು ಮರ್ಯಾದೆ ಕೊಟ್ಟದ್ದನ್ನು ಅವರು ಎಲ್ಲಿ ನೋಡಿದ್ದಾರೆ?

ಕಾಲೇಜಿನ ಆರಂಭದ ಕಾಲದಲ್ಲಿ ಪ್ರಿನ್ಸಿಪಾಲರಾಗಿದ್ದ ಹೆರಾಲ್ಡ್ ಮ್ಯಾನ್ ಹೆಸರು ಎಲ್ಲರಿಗೂ ಗೊತ್ತು. ಪಿಂಪಳೆ ಸೌದಾಗರ್ ಎಂಬ ಹಳ್ಳಿಯ ಪ್ರತಿ ಮನೆಯ ಲೆಕ್ಕ ಕೇಳಿ ಅವರು ಮಾಡಿದ ಅಧ್ಯಯನ 1917ರಲ್ಲಿ ಅಚ್ಚಾಯಿತು. 1771ರಲ್ಲಿ ಅಲ್ಲಿ ಒಂದು ಹಿಡುವಳಿ ಸರಾಸರಿ 40 ಎಕರೆ ಇತ್ತು, 1915ರ ಹೊತ್ತಿಗೆ 7 ಎಕರೆಗೆ ಇಳಿದಿತ್ತು ಎಂದು ಅದರಿಂದಲೇ ತಿಳಿದದ್ದು. ಇವತ್ತು ಆ ಊರಿನ ತುಂಬ ಎತ್ತರದ ಅಪಾರ್ಟ್‌ಮೆಂಟುಗಳು. ಅಂದು ಸಾಹೇಬರನ್ನು ಕೂರಿಸಿಕೊಂಡು ತಮ್ಮ ಸಾಲ, ತಮ್ಮ ತುಂಡು ಹೊಲದ ಲೆಕ್ಕ ಬಿಚ್ಚಿಟ್ಟ ರೈತರಿದ್ದರಲ್ಲ, ಅವರೂ ಈ ಕಾಲೇಜಿಗೆ ನೆರವಾದವರೇ ಅಲ್ವಾ? ಕಟ್ಟಡಕ್ಕೆ ಹಣ ಕೊಟ್ಟವರಿಗೆ ಶಾಲು ಹಾಕುವುದು ಸರಿ, ಅವರ ಉಪಕಾರ ದೊಡ್ಡದು. ಆದರೆ ಪಟ್ಟಿ ಅಲ್ಲಿಗೇ ನಿಲ್ಲಬಾರದು.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನಾನೊಂದು ಪತ್ರ ಕೊಟ್ಟಿದ್ದೇನೆ. ಮುಂದಿನ ವರ್ಷದಿಂದ ಫಾರ್ಮಿನಲ್ಲಿ ದುಡಿದವರನ್ನು, ಅವರಿಲ್ಲದಿದ್ದರೆ ಅವರ ಮಕ್ಕಳನ್ನು ಕರೆಯಬೇಕು. ರಾವೆ ಹುಡುಗರಿಗೆ ಮನೆ, ಹೊಲ ಬಿಟ್ಟುಕೊಡುವ ರೈತರನ್ನೂ ಕರೆಯಬೇಕು. ಮೊದಲ ವರ್ಷದ ಖರ್ಚು ನನ್ನದು. ಸಂಘದವರು ಒಪ್ಪುವ ಮಾತಾಡಿದ್ದಾರೆ. ಮಾಮಾನ ಮಗಳು ಖಡಕಿಯಲ್ಲಿದ್ದಾಳೆ ಎಂದು ಗೊತ್ತಾಗಿದೆ, ನಾನೇ ಹೋಗಿ ಕರೆಯುತ್ತೇನೆ. ನಿಮ್ಮ ನಿಮ್ಮ ಕಾಲದ ಮುಕಾದಮ್, ಮಾಳಿ, ಗೌಳಿ, ಮೆಸ್ಸಿನ ಮಾವಶಿ ಯಾರೆಂದು ನೆನಪಿದ್ದರೆ ಹೆಸರು, ಊರು ಬರೆದು ಸಂಘದ ಕಚೇರಿಗೆ ಕಳಿಸಿ. ದೀಪಾವಳಿಯ ಒಳಗೆ ಕಳಿಸಿದರೆ ಪಟ್ಟಿ ಮಾಡಲು ಅನುಕೂಲ.