ಸಿಂಧನೂರಿನ ರಸ್ತೆ ಮತ್ತು ರೈಲು: ಉತ್ತರ ಕೊಡಬೇಕಾದವರು ಯಾರು?

ರೈಲ್ವೆಯಲ್ಲಿ ಕೀಮನ್ ಎಂಬ ನೌಕರನಿರುತ್ತಾನೆ. ತನಗೆ ವಹಿಸಿದ ಕೆಲವು ಕಿಲೋಮೀಟರ್ ಹಳಿಯ ಗುಂಟ ಅವನು ದಿನವೂ ನಡೆಯುತ್ತಾನೆ, ಸಡಿಲಾದ ಬೋಲ್ಟನ್ನು ಬಿಗಿ ಮಾಡುತ್ತಾನೆ, ಕಳಚಿದ ಕ್ಲಿಪ್ಪನ್ನು ಕೂರಿಸುತ್ತಾನೆ, ಹಳಿಯಲ್ಲಿ ಬಿರುಕು ಕಂಡರೆ ಬರುವ ರೈಲನ್ನು ತಡೆಯುತ್ತಾನೆ. ಅವನ ಮೇಲೆ ಗ್ಯಾಂಗಿನ ಮುಖ್ಯಸ್ಥ, ಆ ಮುಖ್ಯಸ್ಥನ ಮೇಲೆ ಎಂಜಿನಿಯರ್, ಹೀಗೆ ಪ್ರತಿ ಕಿಲೋಮೀಟರಿಗೂ ಯಾರು ಹೊಣೆ ಎಂಬುದು ದಾಖಲೆಯಲ್ಲಿರುತ್ತದೆ. 2024ರಲ್ಲಿ ಗಿಣಿಗೇರಾ ಕಡೆಯಿಂದ ಹೊರಟ ಹಳಿ ಗಂಗಾವತಿ, ಕಾರಟಗಿ ದಾಟಿ ನಮ್ಮ ಸಿಂಧನೂರನ್ನು ಮುಟ್ಟಿತು. ಹಳಿಯ ಜೊತೆಗೆ ಈ ಏರ್ಪಾಡೂ ನಮ್ಮೂರಿಗೆ ಬಂದಿತು. ಅದೇ ಊರನ್ನು ಹಾದುಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯನ್ನೋ, ಮಾನ್ವಿಯ ಮೇಲೆ ರಾಯಚೂರಿಗೆ ಹೋಗುವ ರಸ್ತೆಯನ್ನೋ ದಿನಕ್ಕೊಮ್ಮೆ ಇಲ್ಲದಿದ್ದರೆ ತಿಂಗಳಿಗೊಮ್ಮೆಯಾದರೂ ಹೀಗೆ ನಡೆದು ನೋಡುವವರು ಯಾರು ಎಂದು ಕೇಳಿದರೆ, ಒಂದು ಹೆಸರನ್ನು ಹೇಳಬಲ್ಲ ನಾಗರಿಕ ಈ ತಾಲ್ಲೂಕಿನಲ್ಲಿ ಇದ್ದಾನೆಂದು ನನಗೆ ಅನಿಸುವುದಿಲ್ಲ.

ಹೆಸರು ಸಿಗದಿರುವುದಕ್ಕೆ ಕಾರಣವಿದೆ. ನಮ್ಮ ಭಾಗದಲ್ಲಿ ರಸ್ತೆಗೆ ಒಬ್ಬ ಒಡೆಯನಿಲ್ಲ. ರಾಷ್ಟ್ರೀಯ ಹೆದ್ದಾರಿಯ ಕೆಲವು ಭಾಗ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿದ್ದರೆ, ಕೆಲವು ಭಾಗ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿರುತ್ತದೆ. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು ಅಥವಾ ರಸ್ತೆ ಅಭಿವೃದ್ಧಿ ನಿಗಮದ್ದು, ಹಳ್ಳಿಯ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದು, ಊರೊಳಗಿನದು ನಗರಸಭೆಯದು. ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ದಾರಿ ನೀರಾವರಿಯವರದು. ಭತ್ತದ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳೆಲ್ಲ ಓಡುವುದು ಆ ದಾರಿಯಲ್ಲೇ. ಇದರ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಒಂದು ತುಂಡು, ಶಾಸಕರ ನಿಧಿಯಲ್ಲಿ ಇನ್ನೊಂದು ತುಂಡು ಡಾಂಬರು ಕಾಣುತ್ತವೆ. ಹಣ ಕೊಟ್ಟವರು ಒಬ್ಬರು, ಕೆಲಸ ಮಾಡಿಸಿದವರು ಮತ್ತೊಬ್ಬರು, ಮುಂದಿನ ಹತ್ತು ವರ್ಷ ಅದನ್ನು ಕಾಪಾಡಬೇಕಾದವರು ಮೂರನೆಯವರು. ಮಳೆಗಾಲ ಮುಗಿದ ಮೇಲೆ ತಗ್ಗು ಬಿದ್ದ ಒಂದು ಸಂಪರ್ಕ ರಸ್ತೆಯ ಬಗ್ಗೆ ವಿಚಾರಿಸಲು ನಾನು ಹೋದಾಗ, ಒಂದು ಕಚೇರಿಯವರು ಅದು ತಮ್ಮದಲ್ಲವೆಂದು ಎರಡನೆಯ ಕಚೇರಿಗೆ ಕಳಿಸಿದರು, ಎರಡನೆಯವರು ಅದಿನ್ನೂ ತಮಗೆ ಹಸ್ತಾಂತರವಾಗಿಲ್ಲವೆಂದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ರಸ್ತೆ ನಿಜವಾಗಿಯೂ ಯಾರ ಪಟ್ಟಿಯಲ್ಲೂ ಇರಲಿಲ್ಲ.

ನಮ್ಮ ನೆಲದಲ್ಲಿ ಇಂಥ ಅನಾಥ ಸ್ಥಿತಿಗೆ ತೆರಬೇಕಾದ ಬೆಲೆ ಬೇರೆ ಕಡೆಗಿಂತ ಹೆಚ್ಚು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ ಎರೆ ಭೂಮಿ ಬಹಳ. ಎರೆಮಣ್ಣು ನೀರು ಹಿಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ನೀರಾವರಿ ಬಂದ ಮೇಲಂತೂ ರಸ್ತೆಯ ಎರಡೂ ಬದಿಯ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತು, ಅದು ರಸ್ತೆಯ ಅಡಿಪಾಯಕ್ಕೆ ಜಿನುಗುತ್ತದೆ. ಇಂಥ ಮಣ್ಣಿನ ಮೇಲೆ ರಸ್ತೆ ಬಾಳಬೇಕಾದರೆ ಏರಿ ಎತ್ತರವಾಗಿರಬೇಕು, ಅಡಿಯ ಎರೆಯನ್ನು ತೆಗೆದು ಗಟ್ಟಿ ಮಣ್ಣು ತುಂಬಬೇಕು ಅಥವಾ ಸುಣ್ಣ ಬೆರೆಸಿ ಹದ ಮಾಡಬೇಕು, ಎಲ್ಲಕ್ಕಿಂತ ಮೊದಲು ಪಕ್ಕದ ಚರಂಡಿ ತೆರೆದಿರಬೇಕು. ಎಂಜಿನಿಯರುಗಳಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಚರಂಡಿಯ ಹೂಳು ತೆಗೆಯುವ ಕೆಲಸಕ್ಕೆ ಭೂಮಿಪೂಜೆಯೂ ಇಲ್ಲ, ಉದ್ಘಾಟನೆಯೂ ಇಲ್ಲ. ಆದ್ದರಿಂದ ಅದು ಕ್ರಿಯಾಯೋಜನೆಯ ಕೊನೆಯ ಪುಟಕ್ಕೆ ಸರಿದು, ಹಣ ಸಾಲದೆ ಅಲ್ಲಿಂದಲೂ ಬಿದ್ದುಹೋಗುತ್ತದೆ. ಆಮೇಲೆ ಅದೇ ಒದ್ದೆ ಅಡಿಪಾಯದ ಮೇಲೆ ಪ್ರತಿ ವರ್ಷ ತೇಪೆ ಹಾಕಲಾಗುತ್ತದೆ, ಅದಕ್ಕೆ ಬಿಲ್ಲೂ ಆಗುತ್ತದೆ.

ಇನ್ನು ಭಾರದ ಮಾತು. ಸಂಡೂರಿನ ಅದಿರು, ತೋರಣಗಲ್ಲು ಮತ್ತು ಗಿಣಿಗೇರಾದ ಉಕ್ಕು, ಶಕ್ತಿನಗರ ಮತ್ತು ಕುಡಿತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿ, ಸಿಂಧನೂರು ಗಂಗಾವತಿಗಳ ಅಕ್ಕಿ, ರಾಯಚೂರಿನ ಹತ್ತಿ ಎಲ್ಲವೂ ಲಾರಿಗಳಲ್ಲಿ ಈ ರಸ್ತೆಗಳ ಮೇಲೆಯೇ ಸಾಗುತ್ತವೆ. ರಸ್ತೆಗಾಗುವ ಹಾನಿಯು ವಾಹನದ ಅಚ್ಚಿನ (ಆಕ್ಸಲ್) ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದು ರಸ್ತೆ ವಿನ್ಯಾಸದಲ್ಲಿ ಬಹಳ ಹಿಂದೆಯೇ ಒಪ್ಪಿಕೊಂಡಿರುವ ಲೆಕ್ಕ. ಅಂದರೆ ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಚಕ್ರದ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಸಣ್ಣ ಏರಿಕೆ, ಆದರೆ ಮೇಲಿನ ಲೆಕ್ಕದ ಪ್ರಕಾರ ಅಂಥ ಪ್ರತಿ ಅಚ್ಚಿನ ಹಾನಿ ಸುಮಾರು 1.6 ಪಟ್ಟಾಯಿತು, ಅದೂ ಕಾನೂನಿನ ಮಿತಿಯೊಳಗೆ. ಹಳೆಯ ಮಿತಿಗೆಂದು ಕಟ್ಟಿದ ರಸ್ತೆಗಳ ನಿರ್ವಹಣೆಗೆ ಇಡುವ ಹಣ ಆ ಪ್ರಮಾಣದಲ್ಲಿ ಏರಿದೆಯೇ ಎಂಬ ಪ್ರಶ್ನೆಯನ್ನು ನಮ್ಮ ಜನಪ್ರತಿನಿಧಿಗಳಲ್ಲಿ ಯಾರಾದರೂ ಸದನದಲ್ಲಿ ಕೇಳಬೇಕಿತ್ತು. ಮಿತಿ ಮೀರಿದ ಭಾರ ಈ ಸೀಮೆಯ ರಸ್ತೆಗಳಿಗೆ ಏನು ಮಾಡಬಲ್ಲದೆಂಬುದನ್ನು ಗಣಿಗಾರಿಕೆಯ ಉಬ್ಬರದ ವರ್ಷಗಳಲ್ಲಿ ನಾವೆಲ್ಲ ಕಂಡಿದ್ದೇವೆ. 2011ರ ಲೋಕಾಯುಕ್ತ ವರದಿಯಲ್ಲಿಯೂ ಅದರ ವಿವರಗಳಿವೆ.

ಕೆಟ್ಟ ರಸ್ತೆಯಲ್ಲಿ ಸಾವು ಸಂಭವಿಸಿದಾಗ ಏನಾಗುತ್ತದೆ? ಮಾಮೂಲಾಗಿ ಚಾಲಕನ ಮೇಲೆ ಪ್ರಕರಣ ದಾಖಲಾಗುತ್ತದೆ, ವಾಹನವನ್ನು ಠಾಣೆಗೆ ತರಲಾಗುತ್ತದೆ, ಪಂಚನಾಮೆಯಲ್ಲಿ ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆಯಲಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ರಸ್ತೆಗುಂಡಿಗಳ ತಲೆಯ ಮೇಲೆ ಬಂದ ಸಾವುಗಳು 1,856. ಗುಂಡಿಯನ್ನು ತಪ್ಪಿಸಲು ಹೋಗಿ ಎದುರಿನ ಲಾರಿಗೆ ಸಿಕ್ಕವನ ಸಾವು ಅತಿವೇಗದ ಲೆಕ್ಕಕ್ಕೆ ಸೇರುತ್ತದೆಯೋ ಗುಂಡಿಯ ಲೆಕ್ಕಕ್ಕೋ ಎಂಬುದು ಆ ಹೊತ್ತಿನಲ್ಲಿ ಪಂಚನಾಮೆ ಬರೆಯುವವರ ಕೈಯಲ್ಲಿದೆ.

ಆದರೆ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 198ಎ ಎಂಬ ಕಲಂ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ಹೊಣೆ ಹೊತ್ತ ಪ್ರಾಧಿಕಾರವಾಗಲಿ, ಗುತ್ತಿಗೆದಾರನಾಗಲಿ, ಸಲಹೆಗಾರನಾಗಲಿ ನಿಗದಿತ ಮಾನದಂಡ ಪಾಲಿಸದೆ ಹೋದುದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದೆಂದು ಅದು ಹೇಳುತ್ತದೆ. ರಸ್ತೆಯ ಸ್ಥಿತಿ ಅಪಾಯಕಾರಿಯಾಗಿದೆ ಎಂಬುದು ಹೊಣೆಗಾರರಿಗೆ ತಿಳಿದಿತ್ತೇ ಅಥವಾ ತಿಳಿದಿರಬೇಕಿತ್ತೇ, ದುರಸ್ತಿಗೆ ಮೊದಲು ಎಚ್ಚರಿಕೆಯ ಫಲಕ ಹಾಕಿದ್ದರೇ ಎಂಬುದನ್ನು ನ್ಯಾಯಾಲಯ ಪರಿಗಣಿಸಬೇಕೆಂದೂ ಅದರಲ್ಲಿದೆ. ಒಂದು ಜೀವಕ್ಕೆ ಹೆಚ್ಚೆಂದರೆ 1 ಲಕ್ಷ ದಂಡ ಎನ್ನುವುದು ನನ್ನ ದೃಷ್ಟಿಯಲ್ಲಿ ತೀರ ಕಡಿಮೆ. ಆದರೂ ‘ತಿಳಿದಿರಬೇಕಿತ್ತು’ ಎಂಬ ಮಾತು ಕಾನೂನಿನಲ್ಲಿ ಬಂದಿರುವುದು ದೊಡ್ಡ ಸಂಗತಿ, ಏಕೆಂದರೆ ನಾಗರಿಕನು ಗುಂಡಿಯ ಚಿತ್ರ ಸಹಿತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದರೆ, ತಮಗೆ ಗೊತ್ತಿರಲಿಲ್ಲವೆಂದು ಹೇಳುವ ದಾರಿ ಅಲ್ಲಿಗೆ ಮುಚ್ಚುತ್ತದೆ. ನಮ್ಮ ಮೂರು ಜಿಲ್ಲೆಗಳ ವಕೀಲರು ಅಪಘಾತ ಪ್ರಕರಣಗಳಲ್ಲಿ ವಿಮಾ ಪರಿಹಾರದ ಅರ್ಜಿಯ ಜೊತೆಗೆ ಈ ಕಲಮನ್ನೂ ಎತ್ತಬೇಕೆಂಬುದು ನನ್ನ ಕೋರಿಕೆ.

ರೈಲ್ವೆಯ ಕಥೆ ಬೇರೆ. ಅಲ್ಲಿ ಹೊಣೆಗಾರರ ಪಟ್ಟಿ ಇದೆ, ಅದು ನಮಗೆ ತೆರೆದಿಲ್ಲ. ಹೊಸ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಿಸುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು; ಗಂಭೀರ ಅಪಘಾತವಾದರೆ ತನಿಖೆ ಮಾಡುವವರೂ ಅವರೇ. ಆ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. ಕೆಲಸ ಮಾಡಿದವರೇ ತಮ್ಮ ಕೆಲಸಕ್ಕೆ ಅಂಕ ಕೊಟ್ಟುಕೊಳ್ಳಬಾರದು ಎಂಬ ಈ ವ್ಯವಸ್ಥೆ ರಸ್ತೆಗೂ ಬರಬೇಕು. ಹಾಗೆಂದು ರೈಲ್ವೆಯಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. ಹಳಿ ತಪ್ಪಿದ ಪ್ರಕರಣಗಳನ್ನು ಕುರಿತು 2022ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ (ಸಿಎಜಿ) ವರದಿಯು, ಹಳಿಯ ಸ್ಥಿತಿಯನ್ನು ಅಳೆಯುವ ಗಾಡಿಗಳ ತಪಾಸಣೆಯಲ್ಲಿ ಶೇ 30ರಿಂದ ಶೇ 100ರವರೆಗೆ ಕೊರತೆ ಇದ್ದುದನ್ನು ದಾಖಲಿಸಿತು. ಸುರಕ್ಷತೆಗೆಂದೇ 2017-18ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ರೈಲು ಸಂರಕ್ಷಾ ಕೋಶದ ಹಣದಲ್ಲಿ ಕಾಲು ಒತ್ತುವ ಯಂತ್ರ, ಪಿಂಗಾಣಿ ಪಾತ್ರೆಗಳನ್ನು ಕೊಂಡಿದ್ದನ್ನೂ ಅದು ಹೆಸರಿಸಿತು. ಕೀಮನ್ ಬಿಸಿಲಲ್ಲಿ ನಡೆದು ನೋಡಿ ಬರೆದ ವರದಿಗೆ ಮೇಲಿನವರು ಹಣ ಒದಗಿಸದಿದ್ದರೆ ಅವನ ನಡಿಗೆ ವ್ಯರ್ಥವಾಗುತ್ತದೆ.

ವೇಳೆಯ ಲೆಕ್ಕದಲ್ಲಿಯೂ ಹೀಗೆಯೇ. ರೈಲಿನ ಸಮಯಪಾಲನೆಯನ್ನು ಮುಖ್ಯವಾಗಿ ಅಳೆಯುವುದು ಅದು ಕೊನೆಯ ನಿಲ್ದಾಣ ತಲುಪಿದ ವೇಳೆಯಿಂದ, ಮತ್ತು ಕೊನೆಯ ನಿಲ್ದಾಣಕ್ಕೆ ಮುಂಚಿನ ಓಟದ ವೇಳೆಯನ್ನು ಸಡಿಲವಾಗಿ ಇಟ್ಟಿರುತ್ತಾರೆ. ಹೀಗಾಗಿ ಕೊಪ್ಪಳಕ್ಕೋ ಬಳ್ಳಾರಿಗೋ ಒಂದು ಗಂಟೆ ತಡವಾಗಿ ಬಂದ ರೈಲು ಮುಂದೆ ಹೇಗೋ ಸರಿದೂಗಿಸಿಕೊಂಡು ಸಕಾಲಕ್ಕೆ ಮುಟ್ಟಿದ ರೈಲುಗಳ ಪಟ್ಟಿಗೆ ಸೇರಬಹುದು, ನಡುವಿನ ಊರಿನವರ ಕಾಯುವಿಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ತಡಕ್ಕೆ ಸಮರ್ಪಕ ಕಾರಣ ತೋರಿಸಲಾಗದಿದ್ದರೆ ರೈಲ್ವೆ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ನಾಲ್ಕು ಗಂಟೆಯ ತಡಕ್ಕೆ 30 ಸಾವಿರ ರೂಪಾಯಿ ಕೊಡಿಸಿದ ಆ ತೀರ್ಪು ನಮ್ಮ ಗ್ರಾಹಕ ಆಯೋಗಗಳ ಮುಂದೆಯೂ ಉಪಯೋಗಕ್ಕೆ ಬರುವಂಥದ್ದು.

ಎಲ್ಲಕ್ಕಿಂತ ಹೆಚ್ಚು ನೋವಿನ ತಡವೆಂದರೆ ಮಾರ್ಗದ್ದೇ. ಮುನಿರಾಬಾದ್–ಮಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997-98ರಲ್ಲಿ. ಅದು ಸಿಂಧನೂರಿಗೆ ಬರಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು, ಇಲ್ಲಿಂದ ರಾಯಚೂರಿನವರೆಗಿನ ಕೊಂಡಿ ನಾನು ಇದನ್ನು ಬರೆಯುವ ಹೊತ್ತಿಗೂ ಪೂರ್ಣಗೊಂಡಿಲ್ಲ. ಈ ಅವಧಿಯಲ್ಲಿ ಕೇಂದ್ರದಲ್ಲಿಯೂ ರಾಜ್ಯದಲ್ಲಿಯೂ ಎಲ್ಲ ಪಕ್ಷಗಳೂ ಅಧಿಕಾರ ನಡೆಸಿವೆ, ಆದ್ದರಿಂದ ಒಬ್ಬರನ್ನು ದೂರಿ ಉಳಿದವರನ್ನು ಬಿಡುವ ಪ್ರಶ್ನೆಯೇ ಇಲ್ಲ. ಭೂಮಿ ಕೊಡುವುದು ರಾಜ್ಯದ ಕೆಲಸ, ಹಳಿ ಹಾಕುವುದು ರೈಲ್ವೆಯ ಕೆಲಸ ಎಂದು ಹಂಚಿಕೊಂಡಾಗ, ಕೆಲಸ ನಿಂತ ಪ್ರತಿ ತಿಂಗಳಿಗೂ ಎರಡೂ ಕಡೆಯವರು ಇನ್ನೊಬ್ಬರನ್ನು ತೋರಿಸಬಹುದು. ರೈಲು ಮೇಲ್ಸೇತುವೆಗಳಲ್ಲಿಯೂ ಬಹುಕಾಲ ಇದೇ ಆಗುತ್ತಿತ್ತು: ಹಳಿಯ ಮೇಲಿನ ಭಾಗವನ್ನು ರೈಲ್ವೆ ಕಟ್ಟುತ್ತಿತ್ತು, ಎರಡೂ ಬದಿಯ ಏರುದಾರಿ ರಾಜ್ಯದ ಪಾಲಿಗಿರುತ್ತಿತ್ತು. ಸಾಲದ್ದಕ್ಕೆ ಸಿಂಧನೂರಿನ ಹಳಿ ಹುಬ್ಬಳ್ಳಿ ವಿಭಾಗದ್ದು, 1871ರಷ್ಟು ಹಿಂದೆಯೇ ಮುಂಬೈ ಮತ್ತು ಮದ್ರಾಸಿನ ಹಳಿಗಳು ಕೂಡಿದ ರಾಯಚೂರು ನಿಲ್ದಾಣ ದಶಕಗಳ ಕಾಲ ಗುಂತಕಲ್ ವಿಭಾಗದ್ದು. ಇವು ಬೇರೆ ಬೇರೆ ರೈಲ್ವೆ ವಲಯಗಳಿಗೆ ಸೇರಿರುವುದರಿಂದ ಒಂದೇ ಜಿಲ್ಲೆಯ ಪ್ರಯಾಣಿಕರು ಎರಡು ವಲಯಗಳ ಬಾಗಿಲು ತಟ್ಟಬೇಕು.

ಹಣವಿಲ್ಲ ಎಂಬ ಮಾತನ್ನು ಮಾತ್ರ ಈ ಸೀಮೆಯಲ್ಲಿ ಯಾರೂ ಹೇಳಬಾರದು. ಸಂವಿಧಾನದ 371ಜೆ ವಿಧಿಯ ಅಡಿಯ ಕಲ್ಯಾಣ ಕರ್ನಾಟಕ ಮಂಡಳಿಗೆ ವರ್ಷವೂ ಅನುದಾನ ಬರುತ್ತದೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ, ಗಣಿಗಾರಿಕೆಯಿಂದ ಬಂದ ಹಣವನ್ನು ಬಾಧಿತ ಊರುಗಳಿಗೆ ಬಳಸುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿವೆ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕಾಗಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಗೆ ಪಡೆದ ಯೋಜನೆಯ ಗಾತ್ರವೇ ಸುಮಾರು 25 ಸಾವಿರ ಕೋಟಿ ರೂಪಾಯಿ. ಇವುಗಳಲ್ಲಿ ಹೊಸ ಕಾಮಗಾರಿಗೆ ಎಷ್ಟು, ಹಳೆಯದರ ನಿರ್ವಹಣೆಗೆ ಎಷ್ಟು ಎಂಬುದು ಪ್ರತ್ಯೇಕವಾಗಿ ಕಾಣುವಂತಿರಬೇಕು. ನಿರ್ವಹಣೆಯನ್ನು ಕಡೆಗಣಿಸಿದರೆ ಏನಾಗುತ್ತದೆಂದು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ಪ್ರತಿ ರೈತನೂ ಎದೆ ಹಿಡಿದುಕೊಂಡು ಕಂಡಿದ್ದಾನೆ.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳನ್ನು ಕಟ್ಟಿದ ಗುತ್ತಿಗೆದಾರನೇ 5 ವರ್ಷ ನಿರ್ವಹಿಸಬೇಕೆಂಬ ಕರಾರು ಇದೆ, ರಸ್ತೆಯ ಬದಿಯಲ್ಲಿ ಫಲಕವೂ ಇರುತ್ತದೆ. ಇದನ್ನು ಎಲ್ಲ ರಸ್ತೆಗಳಿಗೂ ವಿಸ್ತರಿಸುವುದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಅಡಿಯಲ್ಲಿ ನಾಗರಿಕನು ಕಾಮಗಾರಿಯನ್ನು ಪರಿಶೀಲಿಸಬಹುದು, ಅಳತೆ ಪುಸ್ತಕವನ್ನು ನೋಡಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ಡಾಂಬರಿನ ಒಂದು ತುಂಡನ್ನು ಕಾನೂನುಬದ್ಧವಾಗಿ ಕೇಳಿ ಪಡೆಯಬಹುದೆಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ.

ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ, ಉಸ್ತುವಾರಿ ಸಚಿವರ ಮುಂದಿನ ತ್ರೈಮಾಸಿಕ ಕೆಡಿಪಿ ಸಭೆಗೆ ಮುಂಚೆ ನಾವು ಕೆಲವರು ಸೇರಿ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುವವರಿದ್ದೇವೆ. ಜಿಲ್ಲೆಯ ಪ್ರತಿ ರಸ್ತೆಯ ಪ್ರತಿ ಕಿಲೋಮೀಟರಿಗೂ ಹೊಣೆ ಹೊತ್ತ ಕಚೇರಿ ಮತ್ತು ಅಧಿಕಾರಿಯ ಹುದ್ದೆ, ಗುತ್ತಿಗೆದಾರನ ನಿರ್ವಹಣಾ ಅವಧಿ ಮುಗಿಯುವ ದಿನ, ಕೊನೆಯ ತಪಾಸಣೆಯ ದಿನ ಮತ್ತು ಆಗ ಕಂಡ ದೋಷಗಳು, ಇವಿಷ್ಟನ್ನು ಜಿಲ್ಲಾಡಳಿತದ ಜಾಲತಾಣದಲ್ಲಿ ಹಾಗೂ ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕು. ಯಾರ ಪಟ್ಟಿಯಲ್ಲೂ ಇಲ್ಲದ ರಸ್ತೆಗಳನ್ನು ಆ ಸಭೆಯಲ್ಲಿಯೇ ಒಂದು ಇಲಾಖೆಗೆ ವಹಿಸಬೇಕು. ಮನವಿಯ ಕರಡು ಸಿದ್ಧವಿದೆ. ಮಸ್ಕಿ, ಲಿಂಗಸುಗೂರು, ಮಾನ್ವಿ, ಸಿರುಗುಪ್ಪ, ಕಾರಟಗಿ ಕಡೆಯ ಓದುಗರು ತಮ್ಮ ಊರಿನ ಅಂಥ ಅನಾಥ ರಸ್ತೆಗಳ ಹೆಸರನ್ನೂ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೂ ಬರೆದು ಕಳಿಸಿದರೆ, ರಾಯಚೂರು ಜಿಲ್ಲೆಯವನ್ನು ಈ ಮನವಿಗೆ ಸೇರಿಸುತ್ತೇವೆ, ಬಳ್ಳಾರಿ ಮತ್ತು ಕೊಪ್ಪಳದವನ್ನು ಅಲ್ಲಿನ ಜಿಲ್ಲಾಧಿಕಾರಿಗಳಿಗೆ ಪ್ರತ್ಯೇಕವಾಗಿ ತಲುಪಿಸುತ್ತೇವೆ.